ಎದೆಮೂಳೆಯ ನೆಟಿಗೆ: ಒಂದು ಪ್ರಕರಣ ಅಧ್ಯಯನ

ಬಂದು ಕುಳಿತವರು ಮೊದಲು ಮೊಬೈಲ್ ತೆಗೆದು ಮೇಜಿನ ಮೇಲಿಟ್ಟರು. "ಇದನ್ನು ಕೇಳಿ ಮೇಡಂ, ಆಮೇಲೆ ಮಾತನಾಡೋಣ."

ಕೇಳಿಸಿದ್ದು ಒಣಕಡ್ಡಿ ಮುರಿದಂಥ ಒಂದೇ ಸದ್ದು. ಟಕ್. ಅದರ ಬೆನ್ನಿಗೇ ಒಂದು ನಿಟ್ಟುಸಿರು. ಇನ್ನೊಂದು ಕಡತ ತೆರೆದರು. ಅದರಲ್ಲಿ ಮರದ ಮೆಟ್ಟಿಲಿನ ಮೇಲೆ ಗೋಲಿ ಉರುಳಿದ ಹಾಗೆ ಕಟ ಕಟ ಕಟ. "ಮೊದಲನೆಯದು ಎದೆಯ ನಡುವಿನಿಂದ ಬರುವುದು. ಎರಡನೆಯದು ಎಡಗಡೆ ಹಿಂದಿನ ಪಕ್ಕೆಲುಬಿನದು. ನನ್ನ ಎದೆಗೂಡು ಸಡಿಲವಾಗಿ ಕಳಚಿಕೊಳ್ಳುತ್ತಿದೆ ಎಂದು ನನಗೆ ಅನ್ನಿಸುತ್ತಿದೆ" ಎಂದರು.

ನಾನು ಫಿಸಿಯೋಥೆರಪಿಸ್ಟ್. ಕೀಲಿನ ಸದ್ದಿನ ದೂರು ನನಗೆ ಹೊಸದಲ್ಲ. ಮೊಣಕಾಲು, ಕುತ್ತಿಗೆ, ದವಡೆ ಎಲ್ಲವೂ ಸದ್ದು ಮಾಡುತ್ತವೆ. ಆದರೆ ಸದ್ದನ್ನು ಇಷ್ಟು ಶುದ್ಧವಾಗಿ ಮುದ್ರಿಸಿಕೊಂಡು, ಪ್ರತಿಯೊಂದಕ್ಕೂ ಗಂಟೆ ನಿಮಿಷ ನಮೂದಿಸಿ ತಂದವರು ಇವರೊಬ್ಬರೇ. ವಯಸ್ಸು 34, ವೃತ್ತಿ ಶಬ್ದ ಸಂಕಲನ. ದಿನಕ್ಕೆ ಒಂಬತ್ತು ಹತ್ತು ಗಂಟೆ ಕಿವಿಗೆ ಹೆಡ್‌ಫೋನ್ ಹಾಕಿಕೊಂಡು, ಬೇರೆಯವರ ಮಾತಿನ ನಡುವಿನ ಕೆಮ್ಮು, ತುಟಿಯ ಸದ್ದು, ಕುರ್ಚಿಯ ಕಿರುಗುಟ್ಟುವಿಕೆಗಳನ್ನು ಹೆಕ್ಕಿ ತೆಗೆಯುವ ಕೆಲಸ. ಈ ವೃತ್ತಿಗೂ ಅವರ ಎದೆಬಿಗಿತಕ್ಕೂ ಇದ್ದ ನಂಟು ನನಗೆ ಹೊಳೆದದ್ದು ನಾಲ್ಕನೆಯ ಭೇಟಿಯಲ್ಲಿ. ಮೊದಲ ದಿನವೇ ಹೊಳೆಯಬೇಕಿತ್ತು. ಅವರ ಒಪ್ಪಿಗೆ ಪಡೆದು ಇದನ್ನು ಬರೆಯುತ್ತಿದ್ದೇನೆ. ಗುರುತು ಹಿಡಿಯಬಹುದಾದ ವಿವರಗಳನ್ನು ಬದಲಿಸಿದ್ದೇನೆ.

ಹಿನ್ನೆಲೆ

ಹದಿನಾಲ್ಕು ತಿಂಗಳ ಹಿಂದೆ ಅವರಿಗೆ ನೆಗಡಿ, ಜ್ವರ ಬಂದು ಹೋಗಿತ್ತು. ಕೆಮ್ಮು ಮಾತ್ರ ಮೂರು ವಾರ ಬಿಡಲಿಲ್ಲ. ಕೆಮ್ಮಿ ಕೆಮ್ಮಿ ಎರಡೂ ಪಕ್ಕೆ ಹುಣ್ಣಾದಂತೆ ನೋಯುತ್ತಿದ್ದವು. ಕೆಮ್ಮು ನಿಂತಿತು, ನೋವೂ ತಗ್ಗಿತು, ಅದರ ಜಾಗದಲ್ಲಿ ಒಂದು ಬಿಗಿತ ಬಂದು ಕುಳಿತಿತು. "ಚರ್ಮದ ಒಳಗಡೆ ಅಳತೆಗಿಂತ ಚಿಕ್ಕ ಅಂಗಿ ತೊಟ್ಟಂತೆ" ಎನ್ನುವುದು ಅವರದೇ ಮಾತು. ಒಂದು ದಿನ ಎತ್ತರದ ಕಪಾಟಿನಿಂದ ಪೆಟ್ಟಿಗೆ ಇಳಿಸುವಾಗ ಎದೆಯ ನಡುವೆ ಟಕ್ ಎಂದಿತು. ಜೀವ ಬಾಯಿಗೆ ಬಂತು. ಆದರೆ ಮರುಗಳಿಗೆಯಲ್ಲೇ ಅಂಗಿಯ ಗುಂಡಿ ಬಿಚ್ಚಿದ ಹಾಗೆ ಹಗುರವಾಯಿತು.

ಮರುದಿನ ಬೇಕೆಂದೇ ಮಾಡಿ ನೋಡಿದರು. ಎರಡೂ ಮೊಣಕೈ ಹಿಂದಕ್ಕೆ ಎಳೆದು, ಗದ್ದ ಮೇಲೆತ್ತಿ, ಉಸಿರು ಬಿಗಿಹಿಡಿದು ಎದೆ ಉಬ್ಬಿಸಿದರೆ ಸಾಕು, ಟಕ್. ಬೆರಳಿನ ನೆಟಿಗೆ ಮುರಿಯುವವರಿಗೆ ಇದು ಹೊಸದೇನಲ್ಲ. ಇವರದು ಎದೆಮೂಳೆಯ ನೆಟಿಗೆ, ಅಷ್ಟೇ ವ್ಯತ್ಯಾಸ.

ಆರು ತಿಂಗಳು ಹೀಗೇ ನಡೆಯಿತು. ಒಂದು ರಾತ್ರಿ ನೆಟಿಗೆ ಎಂದಿಗಿಂತ ಜೋರಾಗಿ ಬಿತ್ತು, ಎಡ ಎದೆ ಹಿಡಿದುಕೊಂಡಿತು, ಉಸಿರು ಸಾಲದೆಂದು ದೊಡ್ಡ ದೊಡ್ಡ ಉಸಿರು ಎಳೆದುಕೊಂಡಷ್ಟೂ ಬೆರಳು ಜುಮುಗುಟ್ಟತೊಡಗಿತು, ತುಟಿಯ ಸುತ್ತ ಮರಗಟ್ಟಿತು. ತುರ್ತು ಚಿಕಿತ್ಸಾ ವಿಭಾಗಕ್ಕೆ ಓಡಿದರು. ಇಸಿಜಿ, ರಕ್ತದಲ್ಲಿ ಟ್ರೋಪೋನಿನ್ (ಹೃದಯದ ಸ್ನಾಯುವಿಗೆ ಪೆಟ್ಟಾದರೆ ಏರುವ ಅಂಶ) ಪರೀಕ್ಷೆ, ಎಕ್ಸ್‌ರೇ ಎಲ್ಲವೂ ಆದವು. ವಾರದ ನಂತರ ಎಕೋ, ಅಂದರೆ ಹೃದಯದ ಸ್ಕ್ಯಾನ್ ಕೂಡ ಆಯಿತು. ಯಾವುದರಲ್ಲೂ ದೋಷವಿರಲಿಲ್ಲ. "ಗ್ಯಾಸ್ ಇರಬೇಕು" ಎಂದು ಹೊಟ್ಟೆಯ ಮಾತ್ರೆ ಬರೆದುಕೊಟ್ಟು ಕಳುಹಿಸಿದರು.

ಹೃದಯವನ್ನು ಮೊದಲು ನೋಡಿದ್ದು ಸರಿಯಾದ ಕ್ರಮವೇ. ಎದೆಯ ಬಗ್ಗೆ ನಾನು ಹೇಳುವುದೆಲ್ಲ ಆ ಪರೀಕ್ಷೆಗಳ ನಂತರದ ಮಾತು. ಒತ್ತಿದರೆ ನೋಯುತ್ತದೆ, ಆದ್ದರಿಂದ ಹೃದಯದ್ದಲ್ಲ ಎಂಬ ತರ್ಕವನ್ನು ನಾನು ಒಪ್ಪುವುದಿಲ್ಲ. ಹೃದಯದ ತೊಂದರೆ ಇರುವವರ ಪಕ್ಕೆಲುಬೂ ಒತ್ತಿದರೆ ನೋಯಬಹುದು. ನನ್ನ ತಕರಾರು ಆ ಕೊನೆಯ ಮಾತಿನ ಬಗ್ಗೆ ಮಾತ್ರ. ಹೊಟ್ಟೆಯುಬ್ಬರ, ಹುಳಿತೇಗು, ಊಟದ ನಂತರದ ಉರಿ ಯಾವುದೂ ಅವರಿಗೆ ಇರಲಿಲ್ಲ. ತಮಾಷೆಯೆಂದರೆ ಆ ಉತ್ತರ ಅಪ್ಪಿತಪ್ಪಿ ನಿಜದ ಹತ್ತಿರ ಸುಳಿದು ಹೋಗಿತ್ತು. ಗ್ಯಾಸ್ ಇತ್ತು. ಹೊಟ್ಟೆಯಲ್ಲಲ್ಲ, ಕೀಲಿನಲ್ಲಿ.

ಎರಡು ಸದ್ದು, ಎರಡು ಕಾರಣ

ಎದೆಗೂಡನ್ನು ಪಂಜರ ಎಂದು ಕರೆದು ಕರೆದು ಅದು ಕದಲದ ಕಟ್ಟಡ ಎಂಬ ಭಾವನೆ ನಮ್ಮಲ್ಲಿ ಬೇರೂರಿದೆ. ಅದು ನಿಮಿಷಕ್ಕೆ ಹನ್ನೆರಡರಿಂದ ಇಪ್ಪತ್ತು ಸಲ ಕದಲುತ್ತಲೇ ಇರುತ್ತದೆ. 12 ಜೊತೆ ಪಕ್ಕೆಲುಬುಗಳೂ ಹಿಂದೆ ಬೆನ್ನೆಲುಬಿನ ಮಣಿಗಳಿಗೆ ಕೂಡಿಕೊಂಡಿವೆ. ಮೇಲಿನ ಹತ್ತು ಜೊತೆ ಮಣಿಯ ಪಕ್ಕದ ಚಾಚಿಗೂ ಇನ್ನೊಂದು ಕೀಲಿನಿಂದ ಅಂಟಿಕೊಂಡಿವೆ. ಮುಂದೆ ಮೊದಲ ಏಳು ಜೊತೆ ಮೃದ್ವಸ್ಥಿಯ (ಮೂಳೆಗಿಂತ ಮೆತ್ತನೆಯ, ಬಾಗುವ ಭಾಗ) ಮೂಲಕ ನೇರವಾಗಿ ಎದೆಮೂಳೆಗೆ ಬರುತ್ತವೆ. ಎಂಟು, ಒಂಬತ್ತು, ಹತ್ತನೆಯವು ಮೇಲಿನದರ ಮೃದ್ವಸ್ಥಿಗೆ ಜೋತುಕೊಳ್ಳುತ್ತವೆ, ಕೊನೆಯ ಎರಡು ಮುಂದೆ ಎಲ್ಲಿಗೂ ಸೇರುವುದಿಲ್ಲ. ಉಸಿರೆಳೆದಾಗ ಮೇಲಿನ ಪಕ್ಕೆಲುಬುಗಳು ಕೈಪಂಪಿನ ಹಿಡಿಕೆಯಂತೆ ಮುಂದಕ್ಕೂ ಮೇಲಕ್ಕೂ ಏಳುತ್ತವೆ; ಕೆಳಗಿನವು ಬಕೆಟ್ಟಿನ ಹಿಡಿಕೆಯಂತೆ ಪಕ್ಕಕ್ಕೆ ಅಗಲುತ್ತವೆ. ಈ ಹೋಲಿಕೆಗಳು ಪಠ್ಯಪುಸ್ತಕದವು, ನನ್ನವಲ್ಲ. ಇವಕ್ಕಿಂತ ಚೆನ್ನಾಗಿ ಹೇಳಲು ನನಗೆ ಬರುವುದಿಲ್ಲ.

ಎರಡರಿಂದ ಏಳನೆಯ ಪಕ್ಕೆಲುಬಿನವರೆಗೆ ಎದೆಮೂಳೆಯ ಅಂಚಿನಲ್ಲಿ ಇರುವವು ಸಾಮಾನ್ಯವಾಗಿ ಬೆರಳಿನ ಗಿಣ್ಣಿನಂತೆಯೇ ಜಾರುದ್ರವವಿರುವ ಪುಟ್ಟ ಕೀಲುಗಳು. ದ್ರವ ಇದ್ದಲ್ಲಿ ಅದರಲ್ಲಿ ಕರಗಿದ ಅನಿಲವೂ ಇರುತ್ತದೆ. ಕೀಲಿನ ಎರಡು ಮುಖಗಳನ್ನು ತಟ್ಟನೆ ಅಗಲಿಸಿದರೆ ಒಳಗಿನ ಒತ್ತಡ ಕುಸಿದು ಅನಿಲದ ಪೊಳ್ಳು ಮೂಡುತ್ತದೆ, ಆಗ ಸದ್ದು. ಪೊಳ್ಳು ಮೂಡುವುದರಿಂದ ಸದ್ದೋ, ಒಡೆಯುವುದರಿಂದಲೋ ಎಂಬ ಜಗಳ ಹಳೆಯದು. 1947ರಲ್ಲಿ ಮೂಡುವುದರಿಂದ ಎಂದರು. 1971ರಲ್ಲಿ ಒಡೆಯುವುದರಿಂದ ಎಂದರು. 2015ರಲ್ಲಿ ಕೆನಡಾದ ಆಲ್ಬರ್ಟಾ ವಿಶ್ವವಿದ್ಯಾಲಯದ ಸಂಶೋಧಕರು ಎಂಆರ್‌ಐ ಯಂತ್ರದೊಳಗೆ ಬೆರಳನ್ನು ಎಳೆದು ಚಿತ್ರೀಕರಿಸಿದಾಗ ಸದ್ದಿನ ಕ್ಷಣದಲ್ಲಿ ಪೊಳ್ಳು ಮೂಡಿದ್ದೂ ಸದ್ದಿನ ನಂತರವೂ ಅದು ಉಳಿದದ್ದೂ ಕಂಡಿತು. 2018ರಲ್ಲಿ ಒಂದು ಗಣಿತ ಮಾದರಿ, ಗುಳ್ಳೆ ಅರೆಬರೆ ಕುಸಿದರೂ ಅಷ್ಟೇ ಸದ್ದು ಬರುತ್ತದೆ ಎಂದು ಮತ್ತೆ ಕಿಡಿ ಹಚ್ಚಿತು. ಚಿಕಿತ್ಸೆ ಮಾಡುವ ನನಗೆ ಬೇಕಾದ ಸಂಗತಿ ಬೇರೆ: ಅನಿಲ ಮತ್ತೆ ದ್ರವದಲ್ಲಿ ಕರಗಲು ಸುಮಾರು 20 ನಿಮಿಷ ಬೇಕು. ಅಲ್ಲಿಯವರೆಗೆ ಅದೇ ಕೀಲು ಎಷ್ಟು ಎಳೆದರೂ ಸದ್ದು ಮಾಡುವುದಿಲ್ಲ.

ಹಾಗಾಗಿ ಅವರ ಧ್ವನಿಮುದ್ರಿಕೆಗಳಲ್ಲಿದ್ದ ಹೊತ್ತಿನ ಗುರುತು ನನಗೆ ಎಕ್ಸ್‌ರೇಗಿಂತ ಹೆಚ್ಚು ಹೇಳಿತು. ಎಕ್ಸ್‌ರೇಯಲ್ಲಿ ಮೃದ್ವಸ್ಥಿ ಸಾಮಾನ್ಯವಾಗಿ ಕಾಣುವುದೂ ಇಲ್ಲ. ಮೊದಲ ಸದ್ದು ಒಮ್ಮೆ ಬಂದರೆ ಮತ್ತೆ ಬರಲು ಇಪ್ಪತ್ತು ನಿಮಿಷದ ಆಸುಪಾಸು ಕಾಯುತ್ತಿತ್ತು: ಗುಳ್ಳೆಯ ಸದ್ದು. ಎರಡನೆಯದು ಕೈ ಎತ್ತಿದಾಗಲೆಲ್ಲ, ಎತ್ತಿದಷ್ಟು ಸಲವೂ ಬರುತ್ತಿತ್ತು. ಅದು ಗುಳ್ಳೆಯಲ್ಲ, ಯಾವುದೋ ಒಂದು ಇನ್ನೊಂದರ ಮೇಲೆ ಉಜ್ಜುತ್ತಿರುವುದು. ಅವರ ಬೆನ್ನ ಮೇಲೆ ಅಂಗೈ ಇಟ್ಟು ಕೈ ಎತ್ತಿಸಿದೆ. ಪಕ್ಕೆಲುಬು ಸುಮ್ಮನಿತ್ತು, ಕಟಕಟ ಎನ್ನುತ್ತಿದ್ದದ್ದು ಅದರ ಮೇಲೆ ಜಾರುವ ಭುಜದ ಹಲಗೆ.

"ಹಾಗಾದರೆ ಪಕ್ಕೆಲುಬು ಕಳಚುತ್ತಿಲ್ಲವೇ?"

"ಇಲ್ಲ."

ಅವರು ನಂಬಲಿಲ್ಲ ಎಂಬುದು ಮುಖದಲ್ಲೇ ಕಂಡಿತು. ಒಂದು ಶಬ್ದ ಮೂರು ಸೆಕೆಂಡಿನಲ್ಲಿ ಮನಸ್ಸಿಗೆ ಹತ್ತಿಸಿದ ಭಯವನ್ನು ಒಂದು "ಇಲ್ಲ" ಇಳಿಸುವುದಿಲ್ಲ.

ಪರೀಕ್ಷೆಯಲ್ಲಿ ಕಂಡದ್ದು

ಎಡಗಡೆ ಮೂರು ಮತ್ತು ನಾಲ್ಕನೆಯ ಪಕ್ಕೆಲುಬು ಎದೆಮೂಳೆಗೆ ಸೇರುವ ಜಾಗ ಒತ್ತಿದರೆ ನೋಯುತ್ತಿತ್ತು. ಊತವಿರಲಿಲ್ಲ. ಊತ ಇದ್ದಿದ್ದರೆ ದಾರಿ ಬೇರೆಯಾಗುತ್ತಿತ್ತು: ಹೆಚ್ಚಾಗಿ ಎರಡು ಅಥವಾ ಮೂರನೆಯ ಪಕ್ಕೆಲುಬಿನ ಮೃದ್ವಸ್ಥಿ ಊದಿ ನೋಯುವ ಸ್ಥಿತಿಯನ್ನು ಜರ್ಮನಿಯ ವೈದ್ಯ ಅಲೆಕ್ಸಾಂಡರ್ ಟೀಟ್ಸೆ 1921ರಲ್ಲಿ ವಿವರಿಸಿದ್ದ, ಈಗಲೂ ಅದಕ್ಕೆ ಅವನದೇ ಹೆಸರು. ಊತವಿಲ್ಲದೆ ನೋವು ಮಾತ್ರ ಇದ್ದರೆ ಕಾಸ್ಟೋಕಾಂಡ್ರೈಟಿಸ್ ಎನ್ನುತ್ತಾರೆ. ಹೆಸರು ದೊಡ್ಡದು, ಅರ್ಥ ಇಷ್ಟೇ: ಪಕ್ಕೆಲುಬಿನ ಮೃದ್ವಸ್ಥಿ ನೊಂದಿದೆ. ಪಕ್ಕೆಲುಬಿನ ಕೆಳಗಿನ ಅಂಚಿಗೆ ಬೆರಳು ಕೊಕ್ಕೆ ಹಾಕಿ ಮೇಲಕ್ಕೆಳೆದಾಗ ನೋವೂ ಇಲ್ಲ, ಕಟ್ ಎನ್ನುವುದೂ ಇಲ್ಲ. ಆದ್ದರಿಂದ ಎಂಟರಿಂದ ಹತ್ತನೆಯ ಪಕ್ಕೆಲುಬು ಜಾರುವ ತೊಂದರೆಯ ಸಂಶಯ ಬಿಟ್ಟೆ.

ಬೆಳಗಿನ ಬಿಗಿತದ ಬಗ್ಗೆ ಎರಡು ಸಲ ಕೇಳಿದೆ. ನಲವತ್ತೈದರೊಳಗೆ ಬೆನ್ನು ಮತ್ತು ಎದೆಗೂಡು ಬಿಗಿಯತೊಡಗಿ, ಬೆಳಗ್ಗೆ ಅರ್ಧ ಗಂಟೆಗೂ ಮಿಕ್ಕಿ ಸಡಿಲವಾಗದೆ, ಮಲಗಿದಷ್ಟೂ ಹೆಚ್ಚಿ, ಓಡಾಡಿದರೆ ತಗ್ಗುತ್ತಿದ್ದರೆ ಅದು ಬೆನ್ನೆಲುಬಿನ ಉರಿಯೂತದ ಕಾಯಿಲೆ ಇರಬಹುದು. ಅದಕ್ಕೆ ನನ್ನ ಕೈ ಸಾಲದು. ಇವರದು ಹತ್ತು ನಿಮಿಷಕ್ಕೆ ಹೋಗುತ್ತಿತ್ತು. ಆದರೂ ವೈದ್ಯರ ಬಳಿ ಕಳುಹಿಸಿ, ಉರಿಯೂತವನ್ನು ತೋರಿಸುವ ಇಎಸ್‌ಆರ್, ಸಿಆರ್‌ಪಿ ರಕ್ತಪರೀಕ್ಷೆಗಳನ್ನು ಮಾಡಿಸಿದೆ. ಎರಡೂ ಸರಿಯಾಗಿದ್ದವು. ಪೆಟ್ಟು ಬಿದ್ದದ್ದು, ಎದೆಯ ಶಸ್ತ್ರಚಿಕಿತ್ಸೆ, ಜ್ವರ, ತೂಕ ಇಳಿದದ್ದು ಯಾವುದೂ ಇರಲಿಲ್ಲ. ಎದೆಮೂಳೆ ಕೊಯ್ದು ಹೊಲಿದವರಲ್ಲಿ ಇದೇ ಟಕ್ ಸದ್ದು ಬಂದರೆ ಅದನ್ನು ನೆಟಿಗೆ ಎಂದು ತಳ್ಳಿಹಾಕುವಂತಿಲ್ಲ, ಮೂಳೆ ಕೂಡಿಲ್ಲದಿರಬಹುದು. ಹೃದಯ ಬಡಿದಾಗಲೆಲ್ಲ ಎದೆಯಲ್ಲಿ ಕರಕರ ಸದ್ದು ಕೇಳಿದರೆ ಅದೂ ಬೇರೆಯದೇ ಕಥೆ, ಕೂಡಲೇ ಆಸ್ಪತ್ರೆಗೆ ಹೋಗುವಂಥದ್ದು.

ಇನ್ನು ಬಿಗಿತ. ಟೇಪು ಸುತ್ತಿ ಅಳೆದಾಗ ಪೂರ್ತಿ ಉಸಿರು ಬಿಟ್ಟು ಪೂರ್ತಿ ಎಳೆದರೆ ಎದೆ ಅಗಲಿದ್ದು 3 ಸೆಂಟಿಮೀಟರು. ಅವರ ವಯಸ್ಸಿಗೆ ಕಡಿಮೆ. ಮಲಗಿಸಿ, ಒಂದು ಕೈ ಎದೆಯ ಮೇಲೆ, ಇನ್ನೊಂದು ಹೊಟ್ಟೆಯ ಮೇಲೆ ಇಡಲು ಹೇಳಿದೆ. ಎದೆಯ ಕೈ ಮೊದಲು ಎದ್ದಿತು, ಹೊಟ್ಟೆಯ ಕೈ ಕದಲಲೇ ಇಲ್ಲ. ಕೊರಳಿನ ಎರಡೂ ಬದಿಯ ಸ್ನಾಯುಗಳು ಪ್ರತಿ ಉಸಿರಿಗೂ ಹುರಿಯಂತೆ ಎದ್ದು ಕಾಣುತ್ತಿದ್ದವು. ಅತಿಯಾಗಿ ಉಸಿರೆಳೆಯುವವರನ್ನು ಗುರುತಿಸಲು ಬಳಸುವ ನೈಮೇಖನ್ ಪ್ರಶ್ನಾವಳಿಯ 16 ಪ್ರಶ್ನೆಗಳಲ್ಲಿ 64ಕ್ಕೆ 27 ಅಂಕ ಬಂತು. 23 ದಾಟಿದರೆ ಗಮನಿಸಬೇಕು. ಆ ರಾತ್ರಿ ಬೆರಳು ಜುಮುಗುಟ್ಟಿದ್ದಕ್ಕೂ ತುಟಿ ಮರಗಟ್ಟಿದ್ದಕ್ಕೂ ಉತ್ತರ ಇಲ್ಲಿತ್ತು. ಬೇಕಾದದ್ದಕ್ಕಿಂತ ಹೆಚ್ಚು ಉಸಿರಾಡಿದರೆ ರಕ್ತದ ಇಂಗಾಲದ ಡೈಆಕ್ಸೈಡ್ ಇಳಿದು ಹೀಗೆಯೇ ಆಗುತ್ತದೆ.

ಬೆನ್ನಿನ ನಡುಭಾಗದ ಮಣಿಗಳನ್ನು ಒಂದೊಂದಾಗಿ ಅಂಗೈಯಿಂದ ಒತ್ತಿ ನೋಡಿದೆ. ನಾಲ್ಕರಿಂದ ಏಳನೆಯವರೆಗೆ ಹಲಗೆಯನ್ನು ಒತ್ತಿದಂತೆ ಗಡಸು. ಹಿಂದೆ ಕದಲಬೇಕಾದದ್ದು ಕದಲುತ್ತಿಲ್ಲ, ಹಾಗಾಗಿ ಮುಂದಿನ ಪುಟ್ಟ ಕೀಲು ಎಲ್ಲರ ಪಾಲಿನ ಕೆಲಸವನ್ನೂ ಮಾಡುತ್ತಿದೆ. ಅದನ್ನೇ ಇವರು ದಿನವಿಡೀ ಎಳೆದೆಳೆದು ನೆಟಿಗೆ ತೆಗೆಯುತ್ತಿದ್ದಾರೆ.

ದಿನಕ್ಕೆ ಎಷ್ಟು ಸಲ ಎಂದು ಕೇಳಿದಾಗ "ಹತ್ತು ಇರಬಹುದು" ಎಂದಿದ್ದರು. ಮೂರು ದಿನ ಗೀಟು ಹಾಕಿ ಎಣಿಸಿ ಬರಲು ಹೇಳಿದೆ. ಸರಾಸರಿ 47. ಎಚ್ಚರವಿರುವ ಹದಿನಾರು ಗಂಟೆಯನ್ನು 47ರಿಂದ ಭಾಗಿಸಿ ನೋಡಿ: ಇಪ್ಪತ್ತು ನಿಮಿಷಕ್ಕೊಂದು. ಅಂದರೆ ಅನಿಲ ಕರಗಿ ಕೀಲು ಸಿದ್ಧವಾದಾಗಲೆಲ್ಲ ಅವರು ಅದನ್ನು ಮುರಿಯುತ್ತಿದ್ದರು. ಅವರ ದಿನ ಒಂದು ಗುಳ್ಳೆಯ ಗಡಿಯಾರಕ್ಕೆ ತಕ್ಕಂತೆ ನಡೆಯುತ್ತಿತ್ತು. ಈ ಲೆಕ್ಕವನ್ನು ಕಾಗದದ ಮೇಲೆ ಮಾಡಿ ತೋರಿಸಿದಾಗ ಅವರು ಒಂದು ಕ್ಷಣ ಸುಮ್ಮನಿದ್ದು, ಆಮೇಲೆ ನಕ್ಕರು. ನಾನು ಹೇಳಿದ "ಇಲ್ಲ" ಮಾಡದ ಕೆಲಸವನ್ನು ಈ ಭಾಗಾಕಾರ ಮಾಡಿತು.

ನನ್ನ ಎಡವಟ್ಟು

ಎಲ್ಲವನ್ನೂ ಇಷ್ಟು ಸರಿಯಾಗಿ ನೋಡಿಯೂ ಆ ಎರಡನೆಯ ಭೇಟಿಯಲ್ಲಿ ನಾನು ತಪ್ಪು ಮಾಡಿದೆ. ಬೆನ್ನಿನ ಮಣಿಗಳು ಗಡಸಾಗಿವೆ, ಸಡಿಲಿಸೋಣ ಎಂದು ಬೋರಲು ಮಲಗಿಸಿ, ಉಸಿರು ಬಿಡುವ ಹೊತ್ತಿಗೆ ಅಂಗೈಯಿಂದ ಚುರುಕಾಗಿ ಒತ್ತಿದೆ. ಟಕ ಟಕ ಟಕ, ಮೂರು ಸದ್ದು. ಅವರು ಎದ್ದು ಕುಳಿತು ಭುಜ ತಿರುಗಿಸಿ "ಹತ್ತು ವರ್ಷ ಇಳಿದ ಹಾಗಿದೆ ಮೇಡಂ" ಎಂದರು. ನಾನೂ ಬೀಗಿದೆ.

ವಾರದ ನಂತರ ಬಂದಾಗ ಗೀಟಿನ ಎಣಿಕೆ 58. ಎದೆಯದು 41, ಬೆನ್ನಿನದು 17. "ನೀವು ಮಾಡಿದ್ದು ಬಹಳ ಚೆನ್ನಾಗಿತ್ತು. ಕುರ್ಚಿಯ ಬೆನ್ನಿಗೆ ಒರಗಿ ಹಿಂದಕ್ಕೆ ಬಾಗಿದರೆ ಅದನ್ನು ನಾನೇ ಮಾಡಿಕೊಳ್ಳಬಹುದು ಎಂದು ಗೊತ್ತಾಯಿತು" ಎಂದರು, ಹೋಮ್‌ವರ್ಕ್ ಚೆನ್ನಾಗಿ ಮಾಡಿ ಬಂದ ಹುಡುಗನ ಹೆಮ್ಮೆಯಲ್ಲಿ.

ಕೈಚಿಕಿತ್ಸೆಯೇ ತಪ್ಪು ಎಂದು ನಾನು ಹೇಳುತ್ತಿಲ್ಲ. ಬೇರೊಬ್ಬರಿಗೆ ಅದೇ ಒತ್ತು ಒಳ್ಳೆಯದನ್ನೇ ಮಾಡುತ್ತಿತ್ತು. ಆದರೆ ಸದ್ದು ಬಂದರೆ ಮಾತ್ರ ಸಮಾಧಾನ ಎಂದು ತಿಂಗಳುಗಟ್ಟಲೆ ದೇಹಕ್ಕೆ ಕಲಿಸಿದವರಿಗೆ, ನಾನೂ ಸದ್ದಿನ ಮೂಲಕವೇ ಸಮಾಧಾನ ಕೊಟ್ಟೆ. ಕೀಲು ತಟ್ಟನೆ ಹಿಗ್ಗಿದಾಗ ಸುತ್ತಲ ಸ್ನಾಯು ಕೆಲ ಹೊತ್ತು ಸಡಿಲುತ್ತದೆ. ಅದು ನಿಜವಾದ ಸಮಾಧಾನವೇ, ಭ್ರಮೆಯಲ್ಲ. ತೊಡಕು ಅದರ ಆಯುಸ್ಸಿನಲ್ಲಿದೆ. ಹತ್ತು ನಿಮಿಷದ ನಂತರ "ಬಿಗಿತ ಬಂತೇ?" ಎಂದು ಮನಸ್ಸು ಒಳಗೆ ಕೈಯಾಡಿಸುತ್ತದೆ. ಹುಡುಕಿದರೆ ಬಿಗಿತ ಸಿಕ್ಕೇ ಸಿಗುತ್ತದೆ. ಮತ್ತೆ ಮೊಣಕೈ ಹಿಂದಕ್ಕೆ, ಉಸಿರು ಬಿಗಿ, ಟಕ್. ಕೆಮ್ಮಿನಿಂದ ನೊಂದ ಆ ಪುಟ್ಟ ಕೀಲು ಮಾಯಲು ಬಿಡುವೇ ಸಿಗುತ್ತಿರಲಿಲ್ಲ.

ನೆಟಿಗೆ ಮುರಿದರೆ ಸಂಧಿವಾತ ಬರುತ್ತದೆಯೇ ಎಂದು ಅವರು ಕೇಳಿದ್ದರು. ಅಮೆರಿಕದ ಡೊನಾಲ್ಡ್ ಉಂಗರ್ ಎಂಬ ವೈದ್ಯ ಐವತ್ತು ವರ್ಷ ಎಡಗೈಯ ಬೆರಳಿನ ನೆಟಿಗೆ ಮಾತ್ರ ದಿನಕ್ಕೆ ಎರಡು ಸಲವಾದರೂ ಮುರಿದು, ಬಲಗೈಯನ್ನು ಹೋಲಿಕೆಗೆಂದು ಹಾಗೇ ಬಿಟ್ಟು, ಎರಡರಲ್ಲೂ ಸಂಧಿವಾತವಿಲ್ಲ ಎಂದು 1998ರಲ್ಲಿ ವರದಿ ಮಾಡಿದ. ಚಿಕ್ಕಂದಿನಲ್ಲಿ ತಾಯಿಯೂ ಚಿಕ್ಕಮ್ಮಂದಿರೂ, ಮುಂದೆ ಅತ್ತೆಯೂ ಹೆದರಿಸಿದ್ದರಂತೆ. 2009ರಲ್ಲಿ ಅವನಿಗೆ, ಮೊದಲು ನಗಿಸಿ ಆಮೇಲೆ ಯೋಚನೆಗೆ ಹಚ್ಚುವ ಸಂಶೋಧನೆಗಳಿಗೆ ಕೊಡುವ ಇಗ್ನೊಬೆಲ್ ಪ್ರಶಸ್ತಿ ಬಂತು. ಒಬ್ಬನೇ ಮನುಷ್ಯ, ಎರಡೇ ಕೈ. ಅದರ ಮೇಲೆ ಸಿದ್ಧಾಂತ ಕಟ್ಟಲಾಗದು. ಆದರೂ ಈ ಕಥೆ ನನ್ನ ರೋಗಿಗಳ ಭಯವನ್ನು ಒಂದಿಷ್ಟು ಇಳಿಸುತ್ತದೆ, ಅದಕ್ಕಾಗಿ ಹೇಳುತ್ತೇನೆ.

ಕೆಲಸದ ಹೊತ್ತಿನ ಉಸಿರು

ನಾಲ್ಕನೆಯ ಭೇಟಿಗೆ ಲ್ಯಾಪ್‌ಟಾಪ್, ಹೆಡ್‌ಫೋನ್ ತರಲು ಹೇಳಿದೆ. ಕುಳಿತುಕೊಳ್ಳುವ ಭಂಗಿ ನೋಡೋಣ ಎಂಬುದಷ್ಟೇ ನನ್ನ ಉದ್ದೇಶ. ಭಂಗಿಯಲ್ಲಿ ಅಂಥ ವಿಶೇಷವಿರಲಿಲ್ಲ. ಎಡ ಮೊಣಕೈಯನ್ನು ಕುರ್ಚಿಯ ಕೈಗೆ ಊರಿ ಸ್ವಲ್ಪ ವಾಲಿ ಕೂರುತ್ತಿದ್ದರು. ಆದರೆ ಪಕ್ಕದಲ್ಲಿ ಕುಳಿತು ನೋಡುತ್ತಾ ಹೋದ ಹಾಗೆ ಬೇರೊಂದು ಸಂಗತಿ ಕಣ್ಣಿಗೆ ಬಿತ್ತು. ಬಲಗೈಯ ಬೆರಳು ಗುಂಡಿ ಒತ್ತುತ್ತದೆ, ಪರದೆಯ ಮೇಲೆ ಗೆರೆ ಓಡತೊಡಗುತ್ತದೆ, ಇವರ ಅಂಗಿಯ ಜೇಬಿನ ಅಂಚು ಅಲುಗಾಡದೆ ನಿಲ್ಲುತ್ತದೆ. ನಾಲ್ಕು ಸೆಕೆಂಡು, ಏಳು ಸೆಕೆಂಡು, ಒಮ್ಮೆ ಹನ್ನೆರಡು ಸೆಕೆಂಡು. ಗೆರೆ ನಿಂತ ಮೇಲೆ ಭುಜವೆರಡೂ ಮೇಲೆದ್ದು ಒಂದು ಗುಟುಕು ಉಸಿರು. ಮತ್ತೆ ಗುಂಡಿ, ಮತ್ತೆ ನಿಶ್ಚಲ.

ಹತ್ತು ನಿಮಿಷದಲ್ಲಿ 31 ಸಲ.

"ನೀವು ಕೇಳುವಾಗ ಉಸಿರು ಹಿಡಿಯುತ್ತೀರಿ" ಎಂದೆ.

"ಹಿಡಿಯಲೇಬೇಕಲ್ಲ ಮೇಡಂ! ನನ್ನ ಉಸಿರಿನ ಸದ್ದೇ ಕಿವಿಗೆ ಬಿದ್ದರೆ ಅವರ ಉಸಿರನ್ನು ಕತ್ತರಿಸುವುದು ಹೇಗೆ?" ಎಂದವರು ತಮ್ಮ ಮಾತನ್ನು ತಾವೇ ಕೇಳಿಸಿಕೊಂಡು ಬಾಯಿ ಮುಚ್ಚಿದರು.

ಎದೆ ತುಂಬಿಸಿಕೊಂಡು ಉಸಿರು ಹಿಡಿದರೆ ಪಕ್ಕೆಲುಬುಗಳ ನಡುವಿನ ಸ್ನಾಯುಗಳೂ ಕೊರಳಿನವೂ ಪಕ್ಕೆಲುಬುಗಳನ್ನು ಮೇಲೆತ್ತಿ ಹಿಡಿದೇ ಇರಬೇಕಾಗುತ್ತದೆ. ದಿನಕ್ಕೆ ಒಂಬತ್ತು ಗಂಟೆ ಹೀಗೆ ಹಿಡಿದರೆ ಬಿಗಿತಕ್ಕೆ ಇನ್ನೊಂದು ಕಾರಣ ಹುಡುಕಬೇಕಿಲ್ಲ. ಕೆಮ್ಮು ಬರುವ ಮೊದಲೂ ಅವರು ಇದನ್ನೇ ಮಾಡುತ್ತಿದ್ದರು; ಆಗ ಎದೆಗೂಡು ಸಹಿಸಿಕೊಂಡಿತ್ತು. ಕೆಮ್ಮು ಪಕ್ಕೆಲುಬನ್ನು ನೋಯಿಸಿದ ಮೇಲೆ ಸಹಿಸಿಕೊಳ್ಳುವುದನ್ನು ನಿಲ್ಲಿಸಿತು.

ಮಾಡಿದ್ದು

ನೆಟಿಗೆಯನ್ನು ನಿಷೇಧಿಸಲಿಲ್ಲ. ಬೇಡ ಎಂದರೆ ಮನಸ್ಸು ಅದನ್ನೇ ಜಪಿಸುತ್ತದೆ. ಬದಲಿಗೆ ಮುಂದೂಡಿಸಿದೆ: ಮುರಿಯಬೇಕೆನಿಸಿದಾಗ ಮೊದಲು ಆರು ಎಣಿಸುವಷ್ಟು ಹೊತ್ತು ನಿಧಾನವಾಗಿ ಉಸಿರು ಬಿಡುವುದು, ಹೀಗೆ ಮೂರು ಸಲ, ಆಮೇಲೆ ಕುಳಿತಲ್ಲೇ ಎದೆಯನ್ನು ಎಡಕ್ಕೂ ಬಲಕ್ಕೂ ತಿರುಗಿಸುವುದು. ಇಷ್ಟಾದ ಮೇಲೂ ಬೇಕೆನಿಸಿದರೆ ಮುರಿಯಬಹುದು, ಆದರೆ ಗೀಟು ಹಾಕಬೇಕು. ಮೊದಲ ವಾರ ಹೆಚ್ಚೇನೂ ಬದಲಾಗಲಿಲ್ಲ. ಎರಡನೆಯ ವಾರ, ತಿರುಗುವಷ್ಟರಲ್ಲಿ ಬೇಕೆನ್ನುವುದೇ ಮರೆತುಹೋಗುತ್ತದೆ ಎಂದರು.

ಕೆಲಸದಲ್ಲಿ ಒಂದೇ ಬದಲಾವಣೆ: ಗುಂಡಿ ಒತ್ತುವ ಬೆರಳಿನ ಜೊತೆಗೇ ಉಸಿರು ಬಿಡುವುದು. ನಿಧಾನವಾಗಿ ಬಿಟ್ಟ ಉಸಿರಿಗೆ ಸದ್ದಿಲ್ಲ, ಸಂಕಲನಕ್ಕೂ ಅಡ್ಡಿಯಿಲ್ಲ. ಅವರ ವೃತ್ತಿಯ ಅಗತ್ಯವನ್ನು ಬಿಡಿಸದೆ ಅದರೊಳಗೇ ದಾರಿ ಸಿಕ್ಕಿದ್ದು ಈ ಪ್ರಕರಣದಲ್ಲಿ ನನಗೆ ಹೆಚ್ಚು ಖುಷಿ ಕೊಟ್ಟ ಸಂಗತಿ.

ರಾತ್ರಿ ಬೋರಲು ಮಲಗಿ, ಅಂಗೈಗಳ ಮೇಲೆ ಹಣೆ ಇಟ್ಟು ಐದು ನಿಮಿಷ. ಈ ಭಂಗಿಯಲ್ಲಿ ಎದೆ ಮುಂದಕ್ಕೆ ಉಬ್ಬಲು ನೆಲ ಬಿಡುವುದಿಲ್ಲ. ಉಸಿರು ತಾನಾಗಿ ಹೊಟ್ಟೆಗೂ ಬೆನ್ನಿನ ಕಡೆಯ ಪಕ್ಕೆಲುಬುಗಳಿಗೂ ಹೋಗುತ್ತದೆ. ಹೇಳಿಕೊಡುವ ಶ್ರಮವೂ ಇಲ್ಲ. ಬೆನ್ನಿನ ಗಡಸಿಗೆ ಟವೆಲ್ಲನ್ನು ಸುರುಳಿ ಸುತ್ತಿ ಭುಜದ ಹಲಗೆಗಳ ಕೆಳಗೆ ಅಡ್ಡಲಾಗಿ ಇಟ್ಟು, ಮಂಡಿ ಮಡಚಿ ಎರಡು ನಿಮಿಷ ಅಂಗಾತ ಮಲಗುವುದು. ಒತ್ತುವುದಿಲ್ಲ, ಸದ್ದು ಬರಿಸುವುದಿಲ್ಲ, ಭಾರ ಬಿಟ್ಟು ಕಾಯುವುದಷ್ಟೇ. ಆಮೇಲೆ ಮಗ್ಗುಲಾಗಿ ಮಲಗಿ ಮೇಲಿನ ಕೈಯನ್ನು ಪುಸ್ತಕದ ರಟ್ಟು ತೆರೆದಂತೆ ಹಿಂದಕ್ಕೆ ತೆರೆಯುವುದು.

ಭುಜದ ಹಲಗೆಗೆ ಬೇಕಿದ್ದದ್ದು ಬಲ. ಅದನ್ನು ಪಕ್ಕೆಲುಬಿಗೆ ಅಪ್ಪಿಸಿ ಹಿಡಿಯುವ, ಗರಗಸದ ಹಲ್ಲಿನಂತೆ ಪಕ್ಕೆಯ ಮೇಲೆ ಕಾಣುವ ಸ್ನಾಯು ಅವರಲ್ಲಿ ಸೋತಿತ್ತು. ಗೋಡೆಗೆ ಅಂಗೈ ಊರಿ, ಮೊಣಕೈ ಮಡಚದೆ, ಬೆನ್ನನ್ನು ಗೋಡೆಯಿಂದ ದೂರ ತಳ್ಳುವ ವ್ಯಾಯಾಮದಿಂದ ಆರಂಭಿಸಿ, ಮೇಜಿಗೆ, ಆಮೇಲೆ ನೆಲಕ್ಕೆ ಇಳಿಸಿದೆವು. ಜೊತೆಗೆ ರಬ್ಬರ್ ಪಟ್ಟಿ ಎಳೆಯುವುದು.

ಐದನೆಯ ವಾರದ ರಾತ್ರಿ ಎಡ ಎದೆ ನೋವು ಎಬ್ಬಿಸಿತೆಂದು ಕರೆ ಬಂತು. "ವ್ಯಾಯಾಮದ್ದೇ ಇರಬೇಕು ಅಲ್ಲವೇ?" ಎಂದು ಕೇಳಿದರು, ಹೌದೆನ್ನಲಿ ಎಂಬ ಆಸೆ ದನಿಯಲ್ಲಿತ್ತು. ನನಗೂ ಹಾಗೇ ಅನ್ನಿಸಿತ್ತು. ಆದರೂ ಫೋನಿನಲ್ಲಿ ಎದೆನೋವಿಗೆ ಪ್ರಮಾಣಪತ್ರ ಕೊಡುವಷ್ಟು ಧೈರ್ಯ ನನಗಿಲ್ಲ. ಕೂಡಲೇ ಆಸ್ಪತ್ರೆಗೆ ಹೋಗಲು ಹೇಳಿದೆ. ಇಸಿಜಿ, ರಕ್ತಪರೀಕ್ಷೆ ಸರಿಯಾಗಿಯೇ ಬಂದವು. ಹಿಂದಿನ ದಿನ ನಾನು ಹೇಳಿದ್ದಕ್ಕಿಂತ ಮೂರು ಪಟ್ಟು ಹೆಚ್ಚು ದಂಡ ಹೊಡೆದದ್ದನ್ನು ಮರುದಿನ ಒಪ್ಪಿಕೊಂಡರು. ನೆಲದ ವ್ಯಾಯಾಮವನ್ನು ಒಂದು ವಾರ ಬಿಟ್ಟು ಮತ್ತೆ ಮೇಜಿಗೆ ಹಿಂದಿರುಗಿದೆವು.

ಹನ್ನೆರಡನೆಯ ವಾರ

ಎದೆಯ ಹಿಗ್ಗುವಿಕೆ 5.5 ಸೆಂಟಿಮೀಟರು. ಪ್ರಶ್ನಾವಳಿಯ ಅಂಕ 13. ಮೂರು ಮತ್ತು ನಾಲ್ಕನೆಯ ಪಕ್ಕೆಲುಬಿನ ಬಳಿ ಜೋರಾಗಿ ಒತ್ತಿದರೆ ಮಾತ್ರ ಸ್ವಲ್ಪ ನೋವು. ಗೀಟುಗಳು ದಿನಕ್ಕೆ ಐದೋ ಆರೋ. ಕೆಲವು ದಿನ ಗೀಟು ಹಾಕುವುದೇ ಮರೆತುಹೋಗಿದೆ ಎಂದರು, ಅದನ್ನು ನಾನು ಒಳ್ಳೆಯ ಅಂಕಿ ಎಂದೇ ಬರೆದುಕೊಂಡೆ. ಕೆಲಸ ಹೆಚ್ಚಾಗಿ ರಾತ್ರಿ ನಿದ್ದೆ ಕೆಟ್ಟ ವಾರಗಳಲ್ಲಿ ಅಂಗಿ ಮತ್ತೆ ಬಿಗಿಯಾಗುತ್ತದೆ. ಆಗ ಏನು ಮಾಡಬೇಕೆಂದು ಅವರಿಗೆ ಗೊತ್ತಿದೆ, ನನ್ನ ಬಳಿ ಬರಬೇಕಾಗಿಲ್ಲ.

ಎಂಟು ತಿಂಗಳ ನಂತರ ಒಂದು ಧ್ವನಿ ಕಡತ ಕಳುಹಿಸಿದ್ದರು. ಎರಡನೆಯ ಸದ್ದು, ಮರದ ಮೆಟ್ಟಿಲಿನ ಗೋಲಿ. ಕೈಯನ್ನು ಕಿವಿಯ ಪಕ್ಕಕ್ಕೆ ಎತ್ತಿದಾಗ ಭುಜದ ಹಲಗೆ ಈಗಲೂ ಕಟಗುಟ್ಟುತ್ತದೆ, ಮೊದಲಿಗಿಂತ ಮೆತ್ತಗೆ. ನೋವಿಲ್ಲ, ಭಾರ ಎತ್ತಲು ತೊಡಕಿಲ್ಲ. ಇದಕ್ಕೆ ಇನ್ನೇನಾದರೂ ಮಾಡಬೇಕೇ ಎಂದು ಕೇಳಿದ್ದರು. ಬೇಕಿಲ್ಲ ಎಂದು ಬರೆದೆ. ಕಡತವನ್ನು ಮತ್ತೊಮ್ಮೆ ಕೇಳಿದಾಗ ಗೋಲಿ ಉರುಳುವ ಉದ್ದಕ್ಕೂ, ಹಿಂದೆ, ಅವರು ಉಸಿರಾಡುತ್ತಿರುವುದು ಕೇಳಿಸುತ್ತಿತ್ತು.